ಆ ಎರಡು ಸೆಕೆಂಡಿನ ಗೊರವಯ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಮೊಬೈಲ್ ಹಿಡಿದು ಸಿನಿಮಾ ಮಾಡುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ,

ಹೋದ ತಿಂಗಳು ಕೊಟ್ಟೂರಿನಲ್ಲಿ ನಿಮ್ಮ ಕಿರುಚಿತ್ರಗಳನ್ನು ನೋಡಲು ಕರೆದಿರಿ. ಕಿಟಕಿಗೆಲ್ಲ ಕಂಬಳಿ ಇಳಿಬಿಟ್ಟು, ಗೋಡೆಗೆ ಬಿಳಿ ಪಂಚೆ ಬಿಗಿದು, ಸಾಲಾಗಿ ಏಳು ಚಿತ್ರ ತೋರಿಸಿದಿರಿ. ನಡುವೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಲ್ಲ ಮುಗಿದ ಮೇಲೆ "ಹೆಂಗದಾವ್ರಿ ಸರ?" ಅಂದಿರಿ. "ಚಲೋ ಅದಾವ" ಅಂದು, ಚಪ್ಪಲಿ ಹುಡುಕುವ ನೆವದಲ್ಲಿ ಹೊರಗೆ ಬಿದ್ದೆ. ಅಂದು ನುಂಗಿಕೊಂಡ ಮಾತನ್ನು ಈಗ ಬರೆಯುತ್ತಿದ್ದೇನೆ. ನಿಮಗಷ್ಟೇ ಹೇಳಿದರೆ ಸಾಲದು, ನಿಮ್ಮಂಥವರು ಐದೂ ತಾಲ್ಲೂಕಿನಲ್ಲಿದ್ದಾರೆ ಅನ್ನಿಸಿದ್ದಕ್ಕೆ ಹೀಗೆ ಬಹಿರಂಗವಾಗಿ.

ಮೂರನೆಯ ಚಿತ್ರದಿಂದ ಶುರು ಮಾಡುತ್ತೇನೆ. ಹಗರಿ ಹೊಳೆಯ ಮರಳಲ್ಲಿ ಒಬ್ಬ ನಡೆದು ಬರುತ್ತಾನೆ. ಮುಖ ಇರಬೇಕಾದ ಕಡೆ ಅಲಾರಾಂ ಗಡಿಯಾರ. ಕೈಯಲ್ಲಿ ಉರಿಯುವ ಕೊಡೆ. ಹಿನ್ನೆಲೆಯಲ್ಲಿ ಯಾವುದೋ ದೇಶದ ವಯಲಿನ್. ಅಷ್ಟರಲ್ಲಿ ಹಿಂದಿನ ರಸ್ತೆಯಲ್ಲಿ ಒಂದು ಬೈಕ್ ಹಾದು ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಒಬ್ಬ ಗೊರವಯ್ಯ: ಕರಿ ಕಂಬಳಿ, ತಲೆಯ ಮೇಲೆ ಕರಡಿ ಕೂದಲಿನ ಕುಲಾವಿ, ಒಂದು ಕೈಯಲ್ಲಿ ಡಮರುಗ, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿಕೊಂಡ ಮೊಬೈಲು. ಎರಡೇ ಸೆಕೆಂಡು. ನಾನು ಅದರ ಬಗ್ಗೆ ಕೇಳಿದ್ದಕ್ಕೆ ನೀವು ನಾಚಿಕೊಂಡು, "ಅದು ಮಿಸ್ಟೇಕ್ ಸರ, ಇನ್ನೊಂದು ಟೇಕ್ ತಗೊಳ್ಳಾಕ ಚಾರ್ಜ್ ಇರ್ಲಿಲ್ಲ" ಅಂದಿರಿ. ಹತ್ತು ನಿಮಿಷದ ಆ ಚಿತ್ರದಲ್ಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಆ ಮಿಸ್ಟೇಕ್ ಒಂದೇ.

ನೀವು ನಿಮ್ಮ ಚಿತ್ರಗಳನ್ನು 'ಸರ್ರಿಯಲ್' ಅಂದಿರಿ. ಕನ್ನಡದಲ್ಲಿ ಅದಕ್ಕೆ 'ಅತಿವಾಸ್ತವ' ಅನ್ನುತ್ತೇವೆ. ಒಳ್ಳೆಯ ಪದ. 'ಅವಾಸ್ತವ' ಅಲ್ಲ, ಗಮನಿಸಿ. ವಾಸ್ತವ ಕಡಿಮೆಯಾದದ್ದಲ್ಲ, ಅತಿಯಾದದ್ದು. 1924ರಲ್ಲಿ ಪ್ಯಾರಿಸಿನಲ್ಲಿ ಆಂದ್ರೆ ಬ್ರೆತಾನ್ ಪ್ರಣಾಳಿಕೆ ಬರೆದಾಗಲೂ ಕೇಳಿದ್ದು ಇದನ್ನೇ: ಕನಸೂ ಎಚ್ಚರವೂ ಬೆರೆತು ಇನ್ನೂ ಗಟ್ಟಿಯಾದ ಒಂದು ವಾಸ್ತವ ಬೇಕು ಅಂತ. ಐದು ವರ್ಷದ ಮೇಲೆ ಲೂಯಿ ಬುನ್ಯುಯೆಲ್ ಮತ್ತು ಸಾಲ್ವಡಾರ್ ಡಾಲಿ ಎಂಬ ಇಬ್ಬರು ಸ್ಪೇನಿನ ಹುಡುಗರು 'ಆಂಡಲೂಸಿಯಾದ ನಾಯಿ' ಮಾಡಿದರು. ಹದಿನಾರು ಹದಿನೇಳು ನಿಮಿಷದ ಚಿತ್ರ, ದುಡ್ಡು ಬುನ್ಯುಯೆಲ್‌ನ ತಾಯಿಯದು. ಒಬ್ಬನ ಕನಸಿನಲ್ಲಿ ತೆಳ್ಳಗಿನ ಮೋಡ ಚಂದ್ರನನ್ನು ಸೀಳಿತ್ತು, ಕ್ಷೌರದ ಕತ್ತಿ ಕಣ್ಣನ್ನು ಸೀಳುವ ಹಾಗೆ. ಇನ್ನೊಬ್ಬನ ಕನಸಿನಲ್ಲಿ ಅಂಗೈ ತುಂಬ ಇರುವೆ. ಒಂದು ವಾರದೊಳಗೆ ಚಿತ್ರಕಥೆ ಬರೆದರು. ಅವರಿಗಿದ್ದದ್ದು ಒಂದೇ ನಿಯಮ: ಬುದ್ಧಿಗೆ ಅರ್ಥ ಸಿಗುವ ಯಾವ ಚಿತ್ರಿಕೆಯೂ ಒಳಗೆ ಬರಕೂಡದು. ಮೊದಲ ಪ್ರದರ್ಶನದ ದಿನ ಬುನ್ಯುಯೆಲ್ ಪರದೆಯ ಹಿಂದೆ ಗ್ರಾಮೋಫೋನ್ ತಿರುಗಿಸುತ್ತ, ಜನ ಗಲಾಟೆ ಮಾಡಿದರೆ ಇರಲಿ ಅಂತ ಜೇಬಿನಲ್ಲಿ ಕಲ್ಲು ತುಂಬಿಕೊಂಡು ನಿಂತಿದ್ದನಂತೆ. ಜನ ಚಪ್ಪಾಳೆ ಹೊಡೆದರು. ಕಲ್ಲು ದಂಡವಾಯಿತು.

ಆ ಚಿತ್ರದಲ್ಲಿ ನಾಯಿಯೇ ಇಲ್ಲ, ನಿಮಗೂ ಗೊತ್ತು. ಆದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವರು ತಾವೇ ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತಾರೆ, ದೋಣಿಸೇವೆಯಲ್ಲಿ ಮಂಡಿಯೂರಿ ಬಾಯಿ ಹಾಕಿ ಉಣ್ಣುತ್ತಾರೆ. ಅದಾದ ಮೇಲೆ ಕಂಬಳಿ ಕೊಡವಿಕೊಂಡು ಎದ್ದು ಚಹಾ ಕುಡಿಯುತ್ತ ಶೇಂಗಾ ರೇಟು ಮಾತಾಡುತ್ತಾರೆ. ಯಾರೂ ಇದನ್ನು ವಿಚಿತ್ರ ಅನ್ನುವುದಿಲ್ಲ. ಅವರ ಕುಲಾವಿಯ ಮೇಲಿನ ಕೂದಲಿನ ಕರಡಿ ಇವತ್ತಿಗೂ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ ಓಡಾಡಿಕೊಂಡಿದೆ, ಅದಕ್ಕೊಂದು ಕರಡಿಧಾಮವೇ ಇದೆ.

ಇನ್ನು ಅದೇ ಜಾತ್ರೆಯ ಕಾರ್ಣಿಕ, ಅಂದರೆ ಭವಿಷ್ಯವಾಣಿ. ಡೆಂಕಣಮರಡಿಯಲ್ಲಿ ಲಕ್ಷಗಟ್ಟಲೆ ಜನ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ಆಕಾಶ ನೋಡಿ "ಸದ್ದಲೇ" ಅನ್ನುತ್ತಾನೆ. ಅಷ್ಟು ಜನರ ಬಾಯಿ ಒಮ್ಮೆಗೇ ಮುಚ್ಚುತ್ತದೆ. ನನಗೆ ಆ ಮೌನವೇ ಹೆಚ್ಚು ಭಯ. ಆಮೇಲೆ ಒಂದೇ ಒಂದು ಸಾಲು, ಹಿಂದೆ ಮುಂದೆ ಏನೂ ಇಲ್ಲದ್ದು. ಅಂದವನೇ ಹಿಮ್ಮುಖವಾಗಿ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಸಾಲಿಗೆ ಅರ್ಥ ಹೇಳುವುದು ಅವನ ಕೆಲಸವಲ್ಲ. ಒಕ್ಕಲಿಗ ಅದರಲ್ಲಿ ಮಳೆ ಹುಡುಕುತ್ತಾನೆ, ವ್ಯಾಪಾರಿ ದರ ಹುಡುಕುತ್ತಾನೆ, ಬೆಂಗಳೂರಿನವರು ಸರ್ಕಾರ ಬೀಳುತ್ತದೋ ನಿಲ್ಲುತ್ತದೋ ಅಂತ ಹುಡುಕುತ್ತಾರೆ. ಪ್ಯಾರಿಸಿನ ಕವಿಗಳು ಮನಸ್ಸಿನ ಕಾವಲುಗಾರನನ್ನು ಆಚೆ ಕಳಿಸಿ, ಬಂದದ್ದನ್ನು ಬಂದ ಹಾಗೇ ಬರೆಯುವ ಸ್ವಯಂಚಾಲಿತ ಬರವಣಿಗೆಯನ್ನು ಕಂಡುಹಿಡಿದೆವು ಅಂತ ಸಂಭ್ರಮಪಟ್ಟರು. ನಮ್ಮವರಿಗೆ ಅದು ವರ್ಷಕ್ಕೊಂದು ಸಾಲಿನ ಬಾಬತ್ತು. ಈಚೆಗೆ ಟಿ.ವಿ.ಯವರು ಆ ಸಾಲನ್ನು ಅರ್ಧ ಗಂಟೆ ಬಿಡಿಸಿ ಬಿಡಿಸಿ ಹೇಳುತ್ತಾರೆ. ಕೊನೆಗೆ ಸಿಪ್ಪೆ ಉಳಿಯುತ್ತದೆ.

ಒಂದು ಹಳೆಯ ನೆನಪು ಹೇಳಿಬಿಡುತ್ತೇನೆ, ವಯಸ್ಸಾದವನ ಚಾಳಿ. ನಮ್ಮೂರ ಬಯಲಿಗೆ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸ್ ಬರುತ್ತಿತ್ತು. ಒಂದು ರಾತ್ರಿ ಆಪರೇಟರ್ ನಿದ್ದೆಗಣ್ಣಿನಲ್ಲಿ ರೀಲು ಅದಲುಬದಲು ಹಾಕಿದ. ಇಂಟರ್‌ವಲ್‌ಗೆ ಮೊದಲು ಸತ್ತ ತಾಯಿ, ಇಂಟರ್‌ವಲ್ ಆದ ಮೇಲೆ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗಾಂಧಿ ಕ್ಲಾಸಿನಲ್ಲಿ, ಅಂದರೆ ನೆಲದ ಮೇಲೆ, ಕೂತಿದ್ದ ನಮ್ಮಲ್ಲಿ ಯಾರೂ ಕೂಗಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡು, "ಮಕ್ಕಳ ಮ್ಯಾಲಿನ ಜೀವ, ಬಂದಾಳ ನೋಡು" ಅಂದಳು. ಎಷ್ಟೋ ವರ್ಷದ ಮೇಲೆ ಬ್ರೆತಾನ್ ಬಗ್ಗೆ ಓದುವಾಗ ಈ ಅಜ್ಜಿ ನೆನಪಾದಳು. ಅವನೂ ಅವನ ಗೆಳೆಯ ಜಾಕ್ ವಾಶೆಯೂ ನಾಂತ್ ಪಟ್ಟಣದಲ್ಲಿ ಯಾವ ಚಿತ್ರ ಅಂತ ನೋಡದೆ ಥಿಯೇಟರಿಗೆ ನುಗ್ಗುತ್ತಿದ್ದರು, ಬೇಸರ ಬಂದ ಕೂಡಲೇ ಎದ್ದು ಇನ್ನೊಂದಕ್ಕೆ. ಕಥೆಯ ಕೊಂಡಿ ಕಳಚಿದಾಗ ಚಿತ್ರ ಹೇಗೆ ಹೊಳೆಯುತ್ತದೆ ಅಂತ ನೋಡುವುದು ಅವರ ಆಟ. ಅಜ್ಜಿಗೆ ಅದು ಆಟವಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಉರಿಯುವ ಕೊಡೆ. ಅದರ ಮೂಲ ಎಲ್ಲಿಯದು ಗೊತ್ತೇ? 1870ರಲ್ಲಿ ಇಪ್ಪತ್ನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಇಸಿದೋರ್ ಡ್ಯುಕಾಸ್ ಎಂಬ ಕವಿ, ಲೋತ್ರೆಯಾಮೋಂ ಅನ್ನುವ ಹೆಸರಿನಲ್ಲಿ ಬರೆದವನು, ಕೊಡೆಯನ್ನೂ ಹೊಲಿಗೆ ಯಂತ್ರವನ್ನೂ ಒಂದೇ ಮೇಜಿನ ಮೇಲೆ ಇಟ್ಟ. ಅತಿವಾಸ್ತವದವರೆಲ್ಲ ಅದನ್ನು ಎದೆಗೆ ಹಚ್ಚಿಕೊಂಡರು. ಅಲ್ಲಿಂದ ಚಿತ್ರಕಲೆಗೆ, ಚಿತ್ರಕಲೆಯಿಂದ ಜಾಹೀರಾತಿಗೆ, ಜಾಹೀರಾತಿನಿಂದ ಹಾಡಿನ ವಿಡಿಯೋಕ್ಕೆ, ವಿಡಿಯೋದಿಂದ ನಿಮ್ಮ ಕೈಗೆ ಬಂತು. ಐದಾರು ಕೈ ದಾಟಿದ ನೋಟಿನ ಹಾಗೆ ಮೆತ್ತಗಾಗಿದೆ. ತಪ್ಪು ನಿಮ್ಮದಲ್ಲ. ಆದರೆ ಈ ಸಿನಿಮಾಗಳ ಬೇರು ಪುಸ್ತಕದಲ್ಲಿದೆ ಅನ್ನುವುದನ್ನು ಮರೆಯಬೇಡಿ. ಆ ಗುಂಪಿನವರು ಮೊದಲು ಕವಿಗಳು, ಆಮೇಲೆ ಸಿನಿಮಾದವರು. ಮಾನ್ ರೇ 1928ರಲ್ಲಿ ಮಾಡಿದ 'ನಕ್ಷತ್ರ ಮೀನು' ರೊಬೇರ್ ದೆಸ್ನೋಸ್‌ನ ಕವಿತೆಯಿಂದ ಹುಟ್ಟಿದ್ದು. ಅದೇ ವರ್ಷ ಜೆರ್ಮೇನ್ ದ್ಯುಲಾಕ್ ಎಂಬ ಹೆಣ್ಣುಮಗಳು ಆಂಟೋನಿನ್ ಆರ್ತೋನ ಬರಹ ಇಟ್ಟುಕೊಂಡು 'ಚಿಪ್ಪು ಮತ್ತು ಪಾದ್ರಿ' ತೆರೆಗೆ ತಂದಾಗ, ನನ್ನ ಕನಸು ಕೆಡಿಸಿದಳು ಅಂತ ಆರ್ತೋ ಮುನಿಸಿಕೊಂಡ. ಬರೆದವರ, ತೆಗೆದವರ ನಡುವಿನ ಈ ಜಗಳ ನಮಗೆ ಹೊಸದೇನೂ ಅಲ್ಲ.

ನಿಮ್ಮ ಪಕ್ಕದ ಓಣಿಯಲ್ಲೇ ಬೇರಿದೆ. ಕಥೆಗಾರ ಕುಂ. ವೀರಭದ್ರಪ್ಪ, ಎಲ್ಲರ ಬಾಯಲ್ಲಿ ಕುಂವೀ, 1953ರಲ್ಲಿ ಹುಟ್ಟಿದ್ದು ಇದೇ ಕೊಟ್ಟೂರಿನಲ್ಲಿ. ಆಂಧ್ರದ ಗಡಿಯ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದು ಬರೆದವರು. 'ಅರಮನೆ' ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಂಪನಿ ಸರ್ಕಾರದ ಕಲೆಕ್ಟರ್ ಥಾಮಸ್ ಮನ್ರೋ ಅದರಲ್ಲಿ ಒಬ್ಬ ಪಾತ್ರ. ಇತಿಹಾಸ, ದೇವರು, ದೆವ್ವ, ಕಂದಾಯ ಎಲ್ಲ ಒಂದೇ ಉಸಿರಿನ ವಾಕ್ಯದಲ್ಲಿ ಓಡುತ್ತವೆ. ಇದನ್ನು ವಿಮರ್ಶಕರು 'ಮಾಂತ್ರಿಕ ವಾಸ್ತವ' ಅನ್ನುತ್ತಾರೆ, ಮಾರ್ಕ್ವೆಜ್ ಹೆಸರು ತರುತ್ತಾರೆ. ಮಾರ್ಕ್ವೆಜ್‌ನೇ ಹೇಳಿಕೊಂಡಿದ್ದ, ತನಗೆ ಕಥೆ ಕಲಿಸಿದ್ದು ಅಜ್ಜಿ, ಎಂಥ ನಂಬಲಾಗದ ಸಂಗತಿಯನ್ನೂ ಅವಳು ಮುಖದ ಗೆರೆ ಅಲುಗಿಸದೆ ಹೇಳುತ್ತಿದ್ದಳು ಅಂತ. ಅಂಥ ಅಜ್ಜಿಯರ ಕೊರತೆ ನಮ್ಮ ಸೀಮೆಗೆ ಯಾವತ್ತೂ ಇರಲಿಲ್ಲ. ಅಲ್ಲಮನ ಬೆಡಗಿನ ವಚನಗಳನ್ನು ಭಜನೆಯಲ್ಲಿ ಹಾಡಿಕೊಂಡು, ರಾತ್ರಿಯೆಲ್ಲ ಬಯಲಾಟದಲ್ಲಿ ಸಾರಥಿಯ ಜೊತೆ ರಾವಣ ಊರ ಸಾಹುಕಾರನ ಲೇವಡಿ ಮಾಡುವುದನ್ನು ನೋಡಿ ಬೆಳೆದ ಊರುಗಳಿವು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ರಾಜಕಾರಣದ ನಡುವೆಯೂ ರಂಗಭಾರತಿ ಕಟ್ಟಿ ನಾಟಕ ಆಡಿಸಿದ್ದು ಸುಮ್ಮನೆ ಅಲ್ಲ.

ಕುಂವೀ ಕಥೆಗಳು ಸಿನಿಮಾ ಆದವು. ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ ಮಾಡಿದ 'ಕೊಟ್ರೇಶಿ ಕನಸು' ದಲಿತ ಹುಡುಗನೊಬ್ಬನ ಓದಿನ ಕಥೆ. ಆ ಪಾತ್ರ ಮಾಡಿದ ವಿಜಯ ರಾಘವೇಂದ್ರನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲೆಸೆದರೆ ಒಬ್ಬ ಕೊಟ್ರೇಶನ ಮನೆಯ ಮೇಲೆ ಬೀಳುತ್ತದೆ. ಕೊಟ್ಟೂರೇಶ್ವರನ ಹೆಸರನ್ನೇ ಇಟ್ಟುಕೊಂಡ ಹುಡುಗನಿಗೆ ಅಕ್ಷರ ಕನಸಾಗಿರುವುದು ಯಾವ ಉರಿಯುವ ಕೊಡೆಗಿಂತ ಕಡಿಮೆ ವಿಚಿತ್ರ ಹೇಳಿ. ಇನ್ನೊಂದು, ಗಿರೀಶ ಕಾಸರವಳ್ಳಿಯವರ 'ಕೂರ್ಮಾವತಾರ' (2011). ನಿವೃತ್ತಿಗೆ ಬಂದ ಸರ್ಕಾರಿ ಗುಮಾಸ್ತನೊಬ್ಬ ನೋಡಲು ಗಾಂಧೀಜಿಯ ಹಾಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಟಿ.ವಿ. ಧಾರಾವಾಹಿಯವರು ಅವನನ್ನು ಗಾಂಧಿ ಮಾಡುತ್ತಾರೆ. ಬರಬರುತ್ತ ಜನ ಅವನಲ್ಲಿ ನಿಜವಾದ ಗಾಂಧಿಯನ್ನೇ ಕಾಣತೊಡಗುತ್ತಾರೆ. ಕಾಸರವಳ್ಳಿಯವರನ್ನು ಅತಿವಾಸ್ತವವಾದಿ ಅಂದರೆ ಅವರೇ ನಕ್ಕಾರು. ಚಿತ್ರದಲ್ಲಿ ಒಂದು ಹೊಗೆ ಇಲ್ಲ, ಒಂದು ಮುಖವಾಡ ಇಲ್ಲ. ಮೇಕಪ್ಪು, ಕನ್ನಡಕ, ಕ್ಯಾಮೆರಾ ಅಷ್ಟೇ, ಅಷ್ಟರಿಂದಲೇ ಒಬ್ಬ ಮನುಷ್ಯ ಕಣ್ಣೆದುರಿಗೇ ಇನ್ನೊಬ್ಬನಾಗಿಬಿಡುತ್ತಾನೆ. ಇತ್ತ ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಕುಂವೀ ಆತ್ಮಕಥೆಯ ಹೆಸರು 'ಗಾಂಧಿ ಕ್ಲಾಸು'. ಬೂದಿಯ ಗಾಂಧಿ, ಬಣ್ಣ ಹಚ್ಚಿದ ಗಾಂಧಿ, ಟಾಕೀಸಿನ ನೆಲದ ಗಾಂಧಿ. ಈ ಮೂವರನ್ನು ಒಂದು ಸಾಲಿನಲ್ಲಿ ಕೂರಿಸಿ ನೋಡಿದರೆ ನಿಮಗೇನೂ ಅನ್ನಿಸುವುದಿಲ್ಲವೇ?

ನನ್ನ ಬೇಡಿಕೆ ಇದು. ಇನ್ನೊಂದು ವರ್ಷ ಕಥಾಚಿತ್ರ ಬೇಡ. ಸಾಕ್ಷ್ಯಚಿತ್ರ ಮಾಡಿ. ನಮ್ಮ ಕಡೆಯ ಕನಸು ಹೇಗೆ ಕಥೆಯಾಯಿತು, ಕಥೆ ಹೇಗೆ ಸಿನಿಮಾ ಆಯಿತು ಅಂತ ಹಿಂದಕ್ಕೆ ಹೆಜ್ಜೆ ಹಿಡಿದು ಹೋಗುವ ಚಿತ್ರ. ಕನ್ನಡದಲ್ಲಿ ಇದಕ್ಕೆ ದಾರಿ ಹಾಕಿದವರಿದ್ದಾರೆ. ಗಿರೀಶ ಕಾರ್ನಾಡರು 1972ರಷ್ಟು ಹಿಂದೆಯೇ ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಕಾರ್ನಾಡರ ಮೇಲೆ ಕೆ.ಎಂ. ಚೈತನ್ಯ ಮಾಡಿದರು. ಕಾಸರವಳ್ಳಿ ಮೇಲೆ ಓ.ಪಿ. ಶ್ರೀವಾಸ್ತವ ಮಾಡಿದ 'ಲೈಫ್ ಇನ್ ಮೆಟಫರ್ಸ್'ಗೆ ರಾಷ್ಟ್ರಪ್ರಶಸ್ತಿ ಬಂತು. ಕಾಸರವಳ್ಳಿ ತಾವೇ ಅನಂತಮೂರ್ತಿಯವರ ಮೇಲೆ ಒಂದು ಮಾಡಿ, ಇದು ಜೀವನಚರಿತ್ರೆಯಲ್ಲ, ಒಂದು ಊಹಾಪ್ರಮೇಯ ಅಂತ ಹೆಸರಿನಲ್ಲೇ ಹೇಳಿಬಿಟ್ಟರು. ನನಗೆ ಆ ಹೆಸರು ಬಹಳ ಇಷ್ಟ. ನೀವೂ ಊಹೆ ಮಾಡಿ, ಆಮೇಲೆ ಊರೂರು ತಿರುಗಿ ಅದು ನಿಲ್ಲುತ್ತದೋ ಇಲ್ಲವೋ ನೋಡಿ. ಪುಸ್ತಕದ ಕಪಾಟಿನ ಮುಂದೆ ಕುರ್ಚಿ ಹಾಕಿ ದೊಡ್ಡವರನ್ನು ಕೂರಿಸಿ ಮಾತಾಡಿಸುವುದೊಂದನ್ನು ದಯವಿಟ್ಟು ಮಾಡಬೇಡಿ. ನನ್ನನ್ನೂ ಸೇರಿಸಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಈ ಪತ್ರ ಬರೆಯಲು ಅರ್ಧ ಕಾರಣವೇ ಅದು. ಆಂಡಲೂಸಿಯಾದ ನಾಯಿಯ ಬುನ್ಯುಯೆಲ್ 1933ರಲ್ಲಿ ಕ್ಯಾಮೆರಾ ಹೊತ್ತು ಲಾಸ್ ಉರ್ದೆಸ್‌ಗೆ ಹೋದ. ಸ್ಪೇನಿನಲ್ಲೇ ಅತ್ಯಂತ ಬಡ ಗುಡ್ಡಗಾಡು ಸೀಮೆ. ರಾಮೋನ್ ಅಸೀನ್ ಎಂಬ ಗೆಳೆಯ, ಲಾಟರಿ ಹತ್ತಿದರೆ ನಿನ್ನ ಚಿತ್ರಕ್ಕೆ ಕೊಡುತ್ತೇನೆ ಅಂದಿದ್ದ. ಹತ್ತಿತು, ಕೊಟ್ಟ. (ಮೂರು ವರ್ಷದ ಮೇಲೆ ಅಂತರ್ಯುದ್ಧದಲ್ಲಿ ಅವನನ್ನು ಗುಂಡಿಟ್ಟು ಕೊಂದರು.) ಜೊತೆಗೆ ಪಿಯೆರ್ ಯುನಿಕ್ ಎಂಬ ಕವಿ, ಕೈಯಲ್ಲಿ ಮೋರಿಸ್ ಲೆಜಾಂದ್ರ್ ಎಂಬ ವಿದ್ವಾಂಸ ಆ ಸೀಮೆಯ ಮೇಲೆ ಬರೆದ ಅಧ್ಯಯನ ಗ್ರಂಥ. ಸಂಕಲನ ಮಾಡಿದ್ದು ಮ್ಯಾಡ್ರಿಡ್‌ನಲ್ಲಿ ಅಡುಗೆ ಮನೆಯ ಮೇಜಿನ ಮೇಲೆ, ಭೂತಕನ್ನಡಿ ಹಿಡಿದು. ಇಪ್ಪತ್ತೇಳು ನಿಮಿಷದ 'ರೊಟ್ಟಿಯಿಲ್ಲದ ನೆಲ' ಹಾಗೆ ಬಂತು. ತಣ್ಣಗಿನ ದನಿಯ ವಿವರಣೆ, ಹಿಂದೆ ಬ್ರಾಮ್ಸ್‌ನ ಭವ್ಯ ಸಂಗೀತ, ಮುಂದೆ ಹಸಿವು, ಜ್ವರ, ಸಾವು. ಸರ್ಕಾರ ಅದನ್ನು ನಿಷೇಧಿಸಿತು. ಚಂದದ ಜನಪದ ಕುಣಿತ ತೋರಿಸಬಾರದಿತ್ತೇ ಅಂತ ದೊಡ್ಡ ಮನುಷ್ಯರೊಬ್ಬರು ಕೇಳಿದರಂತೆ.

ನಾನು ಆ ಚಿತ್ರವನ್ನು ನಾಲ್ಕು ಸಲ ನೋಡಿದ್ದೇನೆ. ಮೊದಲ ಸಲ ಕೈಕಾಲು ತಣ್ಣಗಾಯಿತು. ಮೂರನೆಯ ಸಲ ಚೌಕಟ್ಟಿನ ಅಂಚಿನಲ್ಲಿ ಹೊಗೆ ಕಂಡಿತು. ಬಂಡೆಯಿಂದ ಕಾಲು ಜಾರಿ ಬೀಳುವ ಆಡು ಇದೆಯಲ್ಲ, ಅದು ಜಾರಿ ಬಿದ್ದದ್ದಲ್ಲ. ಬಂದೂಕಿನಿಂದ ಹೊಡೆದು ಬೀಳಿಸಿದ್ದು. ಜೇನುಹುಳ ಕಡಿದು ಸಾಯುವ ಕತ್ತೆಯನ್ನೂ ಕ್ಯಾಮೆರಾಕ್ಕಾಗಿಯೇ ಸಾಯಿಸಿದರು. ಸತ್ತ ಕೂಸು ಅಂತ ತೋರಿಸಿದ್ದು ಮಲಗಿದ್ದ ಕೂಸು. 2000ದಲ್ಲಿ ರಾಮೋನ್ ಗೀಲಿಂಗ್ ಎಂಬ ಡಚ್ ನಿರ್ದೇಶಕ ಅದೇ ಹಳ್ಳಿಗಳಿಗೆ ಹೋಗಿ 'ಬುನ್ಯುಯೆಲ್‌ನ ಕೈದಿಗಳು' ಅಂತ ಇನ್ನೊಂದು ಸಾಕ್ಷ್ಯಚಿತ್ರ ಮಾಡಿದ. ಬುನ್ಯುಯೆಲ್ ಬಂದು ಹೋಗಿ ಅರವತ್ತು ಎಪ್ಪತ್ತು ವರ್ಷ ಆಗಿತ್ತು. ಆದರೂ ಊರವರ ಸಿಟ್ಟು ಆರಿರಲಿಲ್ಲ. ಗೀಲಿಂಗ್ ಆ ಹಳೆಯ ಚಿತ್ರವನ್ನು ಅವರಿಗೇ ತೋರಿಸಿದ. ಅತಿವಾಸ್ತವದ ಸಿನಿಮಾ ಹೇಗೆ ಹುಟ್ಟಿತು ಅಂತ ಹೇಳುವ ಸಾಕ್ಷ್ಯಚಿತ್ರ ಬೇಕಾದಷ್ಟಿವೆ, ಬಹಳಷ್ಟು ಪ್ಯಾರಿಸಿನ ಕಾಫಿ ಅಂಗಡಿಗಳ ಕಥೆ. ಚಿತ್ರದ ಒಳಗೆ ಸಿಕ್ಕಿಬಿದ್ದವರನ್ನು ಹೋಗಿ ಕೇಳಿದ ಇದು ನನಗೆ ಅವೆಲ್ಲಕ್ಕಿಂತ ದೊಡ್ಡದು.

ಯಾಕೆ ಇಷ್ಟು ಹೇಳಿದೆ ಅಂದರೆ, ನಾವೂ ಉರ್ದೆಸ್‌ನವರೇ. ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದ 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳ ಹೆಸರು ಯಾವ ಪಟ್ಟಿಯಲ್ಲಿದೆ ಅಂತ ನಿಮಗೆ ಗೊತ್ತು. ಬರ ಬಂದಾಗ ಕ್ಯಾಮೆರಾ ಬರುತ್ತದೆ. ಒಡೆದ ನೆಲ, ಒಣಗಿದ ಬೋರು, ಮಾಜಿ ದೇವದಾಸಿ ತಾಯಂದಿರು, ಗುಳೆ ಹೊರಟ ಟ್ರ್ಯಾಕ್ಟರು, ತೆಗೆದುಕೊಂಡು ಹೋಗುತ್ತಾರೆ. ಒಮ್ಮೆ ಯಾರೋ ಚಿತ್ರತಂಡದವರು ನಮ್ಮ ಪಕ್ಕದ ಹಳ್ಳಿಯಲ್ಲಿ ಮುದುಕಿಯೊಬ್ಬಳಿಗೆ ಖಾಲಿ ಕೊಡ ಕೊಟ್ಟು ಮೂರು ಸಲ ನಡೆಸಿದರು. ಅವಳ ಮನೆಯಲ್ಲಿ ಆವತ್ತು ನಳದ ನೀರು ಬಂದಿತ್ತು. "ಪಾಪ ದೂರದಿಂದ ಬಂದಾರ, ನಡದ್ರ ನಂದೇನ್ ಹೋಗತೈತಿ" ಅಂದಳು. ಅವಳ ಆ ಮಾತು ಯಾವ ಚಿತ್ರದಲ್ಲೂ ಬರಲಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಮುರಿದು ಬಿದ್ದಾಗಲೂ ಹಾಗೇ, ನನ್ನ ಮೊಬೈಲಿಗೆ ಬಂದ ವಿಡಿಯೋಗಳಲ್ಲೆಲ್ಲ ಬೀಳುವ ತೇರು ಒಂದೇ. ಬಿದ್ದ ಮೇಲೆ ಹಗ್ಗ ಹಿಡಿದಿದ್ದವರು ಆ ಹಗ್ಗವನ್ನು ಏನು ಮಾಡಿದರು? ಇನ್ನೂ ಹಿಡಿದೇ ನಿಂತಿದ್ದರೇ?

ಹೀಗಾಗಿ ಕೆಲಸ ಹೀಗೆ ಶುರು ಮಾಡಿ ಅನ್ನುತ್ತೇನೆ. 'ಕೊಟ್ರೇಶಿ ಕನಸು', 'ಕೂರ್ಮಾವತಾರ' ಎರಡನ್ನೂ ಅನುಮತಿ ಕೇಳಿ ತಂದು ಐದೂ ಊರಲ್ಲಿ ಬಯಲಲ್ಲಿ ತೋರಿಸಿ. ಕ್ಯಾಮೆರಾ ಪರದೆಯ ಕಡೆ ಬೇಡ, ನೋಡುವವರ ಕಡೆ ತಿರುಗಲಿ. ಮುಗಿದ ಮೇಲೆ, ಇದರಲ್ಲಿ ಸುಳ್ಳು ಯಾವುದು, ನಮ್ಮದು ಯಾವುದು ಅಂತ ಕೇಳಿ. ಅಲ್ಲಿಂದ ಕಥೆಗೆ ಹೋಗಿ, ಕಥೆಯಿಂದ ಊರಿಗೆ. ಉಜ್ಜಿನಿಗೆ ಹೋಗಿ: ಮರುಳಸಿದ್ಧೇಶ್ವರನ ಗುಡಿಯ ಕಲ್ಲಿನ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಸುರಿಯುತ್ತಾರೆ, ಮೊದಲ ಎಣ್ಣೆ ಜರಿಮಲೆ ಪಾಳೇಗಾರರ ಮನೆತನದಿಂದ ಬರುವ ವಾಡಿಕೆ. ಬಿಸಿಲಿಗೆ ಮಿರುಗುತ್ತ ನಿಂತ ಆ ಗೋಪುರವನ್ನು ಡಾಲಿ ನೋಡಿದ್ದರೆ ಮೀಸೆ ಇಳಿಬಿಡುತ್ತಿದ್ದ. ಹರಪನಹಳ್ಳಿಯಲ್ಲಿ ಯಾರನ್ನಾದರೂ ನಿಮ್ಮದು ಯಾವ ಜಿಲ್ಲೆ ಅಂತ ಕೇಳಿ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಂಗಳದ ಬೇವಿನ ಮರ ಒಂದು ಗೇಣೂ ಸರಿಯದೆ ಮೂರು ಸಲ ಜಿಲ್ಲೆ ಬದಲಿಸಿತು. ಇದನ್ನು ಕಾಫ್ಕಾ ಬರೆದಿದ್ದರೆ ಪಠ್ಯಪುಸ್ತಕದಲ್ಲಿ ಇಡುತ್ತಿದ್ದೆವು.

ಹಗರಿಬೊಮ್ಮನಹಳ್ಳಿಯ ಕಡೆ ನನ್ನ ಹೆಂಡತಿಯ ಚಿಕ್ಕಮ್ಮ ಇದ್ದಳು. ಅವಳ ತವರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳಲ್ಲಿ ಒಂದು. ಅಣೆಕಟ್ಟು 1953ರದ್ದು, ಅವಳಿಗೆ ಆಗ ಹತ್ತೋ ಹನ್ನೊಂದೋ. ಹಿನ್ನೀರಿನ ದಂಡೆಯಲ್ಲಿ ನಿಂತು ಅವಳು ತವರಿನ ದಾರಿ ಹೇಳುತ್ತಿದ್ದಳು: "ಅಗಸಿ ದಾಟಿ ಎಡಕ್ಕ ಹೊಳ್ಳು, ಬಡಿಗ್ಯಾರ ಮನಿ ಮುಂದ ಹಾದು ಹೋಗು, ನಾಯಿ ಐತಿ, ಕಡಿಯಂಗಿಲ್ಲ." ಎದುರಿಗೆ ಕಣ್ಣು ಹಾಯುವಷ್ಟೂ ನೀರು. ಅವಳ ದನಿಯಲ್ಲಿ ದುಃಖವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಯಾರಿಗೋ ದಾರಿ ಹೇಳುವಾಗಿನ ದನಿ ಅಷ್ಟೇ. ನನ್ನ ಹತ್ತಿರ ಆಗ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ನಾನೂ ನಿಮ್ಮ ಹಾಗೇ ಅವಳಿಗೆ ಗಡಿಯಾರ ಕಟ್ಟುತ್ತಿದ್ದೆನೋ ಏನೋ.

ಗಡಿಯಾರದ ಹುಡುಗನಿಗೆ ನನ್ನ ಆಶೀರ್ವಾದ ಹೇಳಿ. ಆ ಬಿಸಿಲಲ್ಲಿ ಮುಖಕ್ಕೆ ತಗಡು ಕಟ್ಟಿಕೊಂಡು ನಡೆದಿದ್ದಾನೆ, ಸಣ್ಣ ಕೆಲಸವಲ್ಲ. ಆದರೆ ಆ ಎರಡು ಸೆಕೆಂಡನ್ನು ಮತ್ತೆ ಹಾಕಿ ನೋಡಿ. ಬೈಕಿನ ನಂಬರ್ ಓದುವ ಹಾಗಿದೆ. ಗೊರವಯ್ಯನನ್ನು ಹುಡುಕಿ, ಮೊದಲು ಕ್ಯಾಮೆರಾ ಜೇಬಿನಲ್ಲೇ ಇರಲಿ. ನಮ್ಮದೊಂದು ಚಿತ್ರದಲ್ಲಿ ನಮಗೆ ಗೊತ್ತಿಲ್ಲದೆ ನೀವು ಬಂದೀರಿ ಅಂತ ತೋರಿಸಿ. ಫೋನಿನಲ್ಲಿ ಆ ಕಡೆ ಯಾರಿದ್ದರು, ಕೇಳಬಹುದೇ ಅಂತ ಕೇಳಿ. ಹೇಳಿದರೆ ನನಗೂ ತಿಳಿಸಿ.

ಇಂತಿ ನಿಮ್ಮ,
ಕೊಟ್ಟೂರಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು